ಧೃತಿಗೆಡದ ರಾಷ್ಟ್ರನಾಯಕ ಫ್ರಾಂಕ್ಲಿನ್ ರೂಸ್‌ವೆಲ್ಟ್

ಅಮೆರಿಕ ಸಂಯುಕ್ತ ಸಂಸ್ಥಾನದ ಅಧ್ಯಕ್ಷ ಪದವಿಗೆ ನಾಲ್ಕು ಬಾರಿ ಚುನಾಯಿತರಾದವರು ಆ ದೇಶದ ಚರಿತ್ರೆಯಲ್ಲಿ ಒಬ್ಬರೇ. ಅವರು ಫ್ರಾಂಕ್ಲಿನ್ ಡಿಲೆನೊ ರೂಸ್‌ವೆಲ್ಟ್. 1930ರ ದಶಕದ ಆರ್ಥಿಕ ದುಃಸ್ಥಿತಿಯಿಂದ ತಮ್ಮ ನಾಡನ್ನು ಮೇಲೆತ್ತಲು ಅವರು ಪಟ್ಟ ಶ್ರಮ, ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಕೂಟವನ್ನು ಕಟ್ಟಿ ನಿಲ್ಲಿಸಿದ ಬಗೆ, ವಿಶ್ವಸಂಸ್ಥೆಗೆ ಹಾಕಿದ ಅಡಿಪಾಯ, ಇವೆಲ್ಲ ಪಠ್ಯಪುಸ್ತಕಗಳಿಗೆ ಸೇರಿದ ಸಂಗತಿಗಳು. ಚರಿತ್ರೆಯ ಅಧ್ಯಾಪಕರು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತ ಬಂದಿರುವ ವಿಷಯಗಳು. ಪ್ರಸ್ತುತ ಲೇಖನದ ವ್ಯಾಪ್ತಿ ಅದಕ್ಕಿಂತ ಕಿರಿದು. ಹನ್ನೆರಡು ವರ್ಷಗಳಿಗೂ ಮೀರಿದ ಅವರ ಅಧಿಕಾರಾವಧಿಯಲ್ಲಿ ಸುಮಾರು 26 ಗಂಟೆಗಳ ಒಂದು ಅವಧಿಯಿದೆ. ತನ್ನ ನೌಕಾಬಲದ ಬೆನ್ನೆಲುಬೇ ಮುರಿಯಿತೆಂಬ ವಾರ್ತೆ ಒಂದು ರಾಷ್ಟ್ರದ ಕಿವಿಗೆ ಬಿದ್ದ ಗಳಿಗೆಯಿಂದ ಆ ರಾಷ್ಟ್ರ ವಿಧಿವತ್ತಾಗಿ ಯುದ್ಧವನ್ನು ಸಾರಿದ ಗಳಿಗೆಯವರೆಗಿನ ಅವಧಿ ಅದು. ಆ ಹೊತ್ತಿನಲ್ಲಿ ಅವರು ನಡೆದುಕೊಂಡ ರೀತಿಯನ್ನೂ, ಆ ನಡತೆಗೆ ಅವರ ಹಿಂದಿನ ಬಾಳು ಒದಗಿಸಿದ್ದ ಸಿದ್ಧತೆಯನ್ನೂ, ಅನಂತರ ಅವರಿಂದಾದ ಒಂದು ಘೋರ ಅನ್ಯಾಯವನ್ನೂ ನಿರೂಪಿಸುವುದಷ್ಟೇ ಇಲ್ಲಿನ ಉದ್ದೇಶ.

ರೂಸ್‌ವೆಲ್ಟರು ಜನಿಸಿದ್ದು 1882ರ ಜನವರಿ 30ರಂದು, ನ್ಯೂಯಾರ್ಕ್ ಸಂಸ್ಥಾನದಲ್ಲಿ ಹಡ್ಸನ್ ನದಿಯ ದಂಡೆಯ ಮೇಲಿರುವ ಹೈಡ್ ಪಾರ್ಕ್ ಎಂಬ ಊರಿನಲ್ಲಿ. ಮನೆತನ ಸಿರಿವಂತವಾದುದು. ತಂದೆ ಜೇಮ್ಸ್, ತಾಯಿ ಸಾರಾ ಡಿಲೆನೊ. ತಾಯಿಗೆ ಇವರು ಏಕೈಕ ಪುತ್ರ. ಆಕೆಯ ಅಕ್ಕರೆಯೂ ಅಂಕುಶವೂ ಮಗ ರಾಷ್ಟ್ರಾಧ್ಯಕ್ಷನಾದ ಮೇಲೂ ಸಡಿಲಲಿಲ್ಲವೆಂದು ಬಲ್ಲವರು ಬರೆದಿದ್ದಾರೆ. ಹದಿನಾಲ್ಕನೆಯ ವಯಸ್ಸಿನಲ್ಲಿ ಅವರು ಗ್ರಾಟನ್ ಎಂಬ ವಸತಿಶಾಲೆಯನ್ನು ಸೇರಿದರು. ಅಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಎಂಡಿಕಾಟ್ ಪೀಬಾಡಿ ಎಂಬ ಪಾದ್ರಿಗಳು ಶ್ರೀಮಂತರ ಮಕ್ಕಳಿಗೆ ತಣ್ಣೀರಿನ ಸ್ನಾನವನ್ನೂ ಲೋಕಸೇವೆಯ ಕರ್ತವ್ಯವನ್ನೂ ಒಂದೇ ನಿಷ್ಠೆಯಿಂದ ವಿಧಿಸುತ್ತಿದ್ದವರು. ತಾಯಿತಂದೆಗಳನ್ನು ಬಿಟ್ಟರೆ ತಮ್ಮ ಬಾಳಿನ ಮೇಲೆ ಎಲ್ಲರಿಗಿಂತ ಹೆಚ್ಚಿನ ಪ್ರಭಾವ ಬೀರಿದವರು ಈ ಗುರುಗಳೇ ಎಂದು ರೂಸ್‌ವೆಲ್ಟರು ಮುಂದೆ ಕೃತಜ್ಞತೆಯಿಂದ ಒಪ್ಪಿಕೊಂಡರು. 1905ರಲ್ಲಿ ಎಲಿನೋರ್ ಅವರೊಡನೆ ನಡೆದ ತಮ್ಮ ವಿವಾಹದ ಪೌರೋಹಿತ್ಯವನ್ನೂ ಅವರಿಂದಲೇ ಮಾಡಿಸಿದರು. ಶಾಲಾ ಮಾಸ್ತರರೊಬ್ಬರಿಗೆ ಇಂಥ ಶಿಷ್ಯಪೂಜೆ ಲಭಿಸುವುದು ಅಪರೂಪವೆಂದು ಅಧ್ಯಾಪಕ ವೃತ್ತಿಯ ವಾಚಕರು ಬಲ್ಲರು.

ಹಾರ್ವರ್ಡಿನಲ್ಲಿ ವ್ಯಾಸಂಗ, ಕೊಲಂಬಿಯದಲ್ಲಿ ಕಾನೂನು, 1910ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಸೆನೆಟ್ ಸದಸ್ಯತ್ವ, ಇವು ಸರಾಗವಾಗಿ ಕೂಡಿಬಂದವು. ಅಧ್ಯಕ್ಷ ವುಡ್ರೊ ವಿಲ್ಸನ್ನರು 1913ರಲ್ಲಿ ಅವರನ್ನು ನೌಕಾ ಇಲಾಖೆಯ ಸಹಾಯಕ ಕಾರ್ಯದರ್ಶಿಯಾಗಿ ನೇಮಿಸಿದ್ದು ನಮ್ಮ ಕಥೆಗೆ ಮುಖ್ಯವಾದುದು. ಬಾಲ್ಯದಿಂದಲೂ ಹಡಗುಗಳ ಹುಚ್ಚು ಹಿಡಿದಿದ್ದ ಅವರಿಗೆ ಅದು ಒಲಿದು ಬಂದ ಹುದ್ದೆ. 1914ರ ಮಾರ್ಚಿನಲ್ಲಿ ಬ್ರೂಕ್ಲಿನ್ನಿನ ಹಡಗುಕಟ್ಟೆಯಲ್ಲಿ ಹೊಸ ಯುದ್ಧನೌಕೆಯೊಂದಕ್ಕೆ ಅಡಿಗಟ್ಟು ಇಡುವ ಸಮಾರಂಭ ನಡೆದಾಗ ತರುಣ ಸಹಾಯಕ ಕಾರ್ಯದರ್ಶಿ ಅಲ್ಲಿ ಉಪಸ್ಥಿತರಿದ್ದರು. ಆ ನೌಕೆಗೆ ಮುಂದೆ ಅರಿಜೋನಾ ಎಂಬ ಹೆಸರಾಯಿತು.

1921ರ ಆಗಸ್ಟ್ ತಿಂಗಳು ಅವರ ಬಾಳನ್ನು ಎರಡಾಗಿ ಸೀಳಿತು. ಕೆನಡಾದ ಕ್ಯಾಂಪೊಬೆಲೊ ದ್ವೀಪದ ಬೇಸಗೆಯ ಮನೆಯಲ್ಲಿ ಸಂಸಾರದೊಡನೆ ತಂಗಿದ್ದಾಗ ಚಳಿಜ್ವರವೆಂದು ಮಲಗಿದವರು ಕೆಲವೇ ದಿನಗಳಲ್ಲಿ ಸೊಂಟದ ಕೆಳಗೆ ಸ್ವಾಧೀನವನ್ನು ಕಳೆದುಕೊಂಡರು. ಆಗ ಅವರಿಗೆ 39 ವರ್ಷ. ವೈದ್ಯರು ಪೋಲಿಯೊ ಎಂದು ನಿರ್ಣಯಿಸಿದರು; ಅದು ನರಗಳಿಗೆ ಸಂಬಂಧಿಸಿದ ಬೇರೊಂದು ವ್ಯಾಧಿಯಾಗಿದ್ದಿರಬಹುದೆಂದು ಈಚಿನ ಕೆಲವು ವೈದ್ಯವಿದ್ವಾಂಸರು ವಾದಿಸಿರುವುದುಂಟು. ಹೆಸರು ಯಾವುದಾದರೇನು, ಕಾಲುಗಳು ಮರಳಿ ಬರಲಿಲ್ಲ. ಮಗ ಹೈಡ್ ಪಾರ್ಕಿನ ಮನೆಗೆ ಮರಳಿ ನೆಮ್ಮದಿಯಾಗಿ ಕಾಲ ಕಳೆಯಲೆಂಬುದು ತಾಯಿಯ ಇಚ್ಛೆಯಾಗಿತ್ತು. ಅವರು ಒಪ್ಪಲಿಲ್ಲ. ಸೊಂಟದಿಂದ ಪಾದದವರೆಗೆ ಉಕ್ಕಿನ ಪಟ್ಟಿಗಳನ್ನು ಕಟ್ಟಿಸಿಕೊಂಡು, ಮೊಣಕಾಲಿನ ಬಳಿ ಅವನ್ನು ಬಿಗಿಯಾಗಿ ಸೇರಿಸಿ, ಒಂದು ಕೈಯಲ್ಲಿ ಕೋಲನ್ನೂ ಇನ್ನೊಂದು ಕೈಯಲ್ಲಿ ಮತ್ತೊಬ್ಬರ ತೋಳನ್ನೂ ಹಿಡಿದು, ಸೊಂಟದ ಬಲದಿಂದ ಒಂದೊಂದೇ ಕಾಲನ್ನು ಮುಂದಕ್ಕೆ ಎಸೆಯುವ ಒಂದು ಬಗೆಯ ನಡಿಗೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಬೆವರು ಹರಿಯುತ್ತಿದ್ದರೂ ಮುಖದ ಮೇಲೆ ನಗು ಇರಬೇಕು, ಎದುರಿಗಿದ್ದವರೊಡನೆ ಹರಟೆ ಸಾಗುತ್ತಿರಬೇಕು; ಇದು ಅವರು ತಮಗೆ ತಾವೇ ಹಾಕಿಕೊಂಡ ನಿಯಮ. ಬಿದ್ದರೆ ತಾವಾಗಿ ಏಳಲಾರದ ಮನುಷ್ಯ ಬೀಳುವ ಭಯವನ್ನು ಇತರರಿಗೆ ತೋರಿಸಬಾರದು. ಇಪ್ಪತ್ತು ವರ್ಷಗಳ ಈ ನಿತ್ಯಾಭ್ಯಾಸವನ್ನು ನೆನಪಿನಲ್ಲಿಟ್ಟುಕೊಳ್ಳದೆ ಆ ಭಾನುವಾರದ ಅವರ ನಡತೆಯನ್ನು ಅರ್ಥಮಾಡಿಕೊಳ್ಳುವುದು ಸಾಧ್ಯವಿಲ್ಲವೆಂಬುದು ಈ ಲೇಖಕನ ಅಭಿಪ್ರಾಯ.

ಜಾರ್ಜಿಯಾ ಸಂಸ್ಥಾನದ ವಾರ್ಮ್ ಸ್ಪ್ರಿಂಗ್ಸ್ ಎಂಬಲ್ಲಿನ ಬಿಸಿನೀರಿನ ಬುಗ್ಗೆಯಲ್ಲಿ ಈಜುವುದರಿಂದ ತುಸು ಹಿತವೆನಿಸಿತೆಂದು 1926ರಲ್ಲಿ ತಮ್ಮ ಆಸ್ತಿಯ ಬಹುಪಾಲನ್ನು ತೊಡಗಿಸಿ ಆ ಸ್ಥಳವನ್ನೇ ಕೊಂಡು, ತಮ್ಮಂತೆ ಕಾಲು ಕಳೆದುಕೊಂಡವರ ಚಿಕಿತ್ಸಾಲಯವನ್ನಾಗಿ ಮಾಡಿದರು. 1928ರಲ್ಲಿ ನ್ಯೂಯಾರ್ಕಿನ ಗವರ್ನರ್, 1932ರಲ್ಲಿ ರಾಷ್ಟ್ರಾಧ್ಯಕ್ಷ. ಬ್ಯಾಂಕುಗಳು ಸಾಲುಸಾಲಾಗಿ ಬಾಗಿಲು ಮುಚ್ಚುತ್ತಿದ್ದ 1933ರ ಮಾರ್ಚಿನಲ್ಲಿ ಅಧಿಕಾರ ವಹಿಸಿಕೊಂಡು ಎಂಟು ದಿನಗಳೊಳಗೆ ರೇಡಿಯೊ ಮುಂದೆ ಕುಳಿತು, ಬ್ಯಾಂಕೆಂದರೇನು, ಜನರ ಹಣ ಎಲ್ಲಿರುತ್ತದೆ ಎಂಬುದನ್ನು ಹಿರಿಯಣ್ಣನು ಮನೆಮಂದಿಗೆ ತಿಳಿಸುವಂತೆ ತಿಳಿಸಿದರು. ಜನ ದಿಂಬಿನಡಿ ಅಡಗಿಸಿಟ್ಟಿದ್ದ ಹಣವನ್ನು ಮತ್ತೆ ತಂದು ಕಟ್ಟಿದರು. ಅಂದಿನಿಂದ ಆ ಧ್ವನಿ ಅಮೆರಿಕದ ಮನೆಮನೆಗೂ ಪರಿಚಿತವಾಯಿತು.

ಇನ್ನು ಜಪಾನಿನ ಕಡೆ ತಿರುಗೋಣ. 1931ರಲ್ಲಿ ಮಂಚೂರಿಯವನ್ನು ಆಕ್ರಮಿಸಿ, 1937ರಿಂದ ಚೀನದೊಡನೆ ದೀರ್ಘ ಸಮರಕ್ಕಿಳಿದ ಜಪಾನು 1940ರ ಸೆಪ್ಟೆಂಬರಿನಲ್ಲಿ ಜರ್ಮನಿ, ಇಟಲಿಗಳೊಡನೆ ಒಪ್ಪಂದ ಮಾಡಿಕೊಂಡಿತು. 1941ರ ಜುಲೈನಲ್ಲಿ ಅದರ ಸೇನೆ ಇಂಡೋಚೀನದ ದಕ್ಷಿಣ ಭಾಗಕ್ಕೆ ಕಾಲಿಟ್ಟಾಗ ರೂಸ್‌ವೆಲ್ಟರು ಅಮೆರಿಕದಲ್ಲಿದ್ದ ಜಪಾನೀ ಸ್ವತ್ತನ್ನೆಲ್ಲ ತಡೆಹಿಡಿದರು. ಅದರ ಫಲವಾಗಿ ತೈಲದ ಸರಬರಾಜು ನಿಂತಿತು. ಜಪಾನಿಗೆ ಬೇಕಾದ ತೈಲದ ಬಹುಪಾಲು ಬರುತ್ತಿದ್ದುದೇ ಅಮೆರಿಕದಿಂದ. ಇನ್ನು ಅದಕ್ಕೆ ಉಳಿದಿದ್ದ ದಾರಿ ಎರಡೇ: ಚೀನದಿಂದ ಹಿಂದೆಗೆಯುವುದು, ಇಲ್ಲವೇ ಆಗ್ನೇಯ ಏಷ್ಯದ ತೈಲದ ನೆಲವನ್ನು ಬಲಾತ್ಕಾರದಿಂದ ಕಿತ್ತುಕೊಳ್ಳುವುದು. ಎರಡನೆಯದನ್ನು ಆರಿಸಿಕೊಂಡರೆ ಮೊದಲು ಅಮೆರಿಕದ ಪೆಸಿಫಿಕ್ ನೌಕಾಬಲವನ್ನು ನಿಷ್ಕ್ರಿಯಗೊಳಿಸಬೇಕು. ಆ ನೌಕಾಬಲವಾದರೋ 1940ರಿಂದ ಹವಾಯಿ ದ್ವೀಪಗಳ ಪರ್ಲ್ ಹಾರ್ಬರಿನಲ್ಲಿ ಬೀಡುಬಿಟ್ಟಿತ್ತು. ಅದನ್ನು ಅಷ್ಟು ಮುಂದಕ್ಕೆ ತಂದು ನಿಲ್ಲಿಸುವುದು ಕ್ಷೇಮವಲ್ಲವೆಂದು ವಾದಿಸಿದ ನೌಕಾಧಿಪತಿ ರಿಚರ್ಡ್‌ಸನ್ ಅವರನ್ನು ಬದಲಿಸಿ, ಅಡ್ಮಿರಲ್ ಕಿಮ್ಮೆಲ್ ಅವರನ್ನು ನೇಮಿಸಿದವರು ರೂಸ್‌ವೆಲ್ಟರೇ. ಈ ಹೊಣೆಯನ್ನು ಅವರ ಅಭಿಮಾನಿಗಳು ಸಾಮಾನ್ಯವಾಗಿ ನೆನೆಯುವುದಿಲ್ಲ.

ಅಡ್ಮಿರಲ್ ಯಾಮಾಮೋಟೊ ಅವರ ಯೋಜನೆಯಂತೆ ಆರು ವಿಮಾನವಾಹಕ ನೌಕೆಗಳ ಪಡೆ ನವೆಂಬರ್ 26ರಂದು ಕುರಿಲ್ ದ್ವೀಪಗಳಿಂದ ನಿಶ್ಶಬ್ದವಾಗಿ ಹೊರಟಿತು. ವಾಷಿಂಗ್ಟನ್ನಿನಲ್ಲಿ ಸಂಧಾನ ಇನ್ನೂ ನಡೆಯುತ್ತಲೇ ಇತ್ತು. ಜಪಾನಿನ ರಾಯಭಾರದ ಗುಪ್ತಲಿಪಿಯನ್ನು ಅಮೆರಿಕನ್ನರು ಭೇದಿಸಿದ್ದುದರಿಂದ ಯುದ್ಧ ಸಮೀಪಿಸಿದೆಯೆಂಬುದು ರೂಸ್‌ವೆಲ್ಟರಿಗೆ ತಿಳಿದಿತ್ತು. ನವೆಂಬರ್ 27ರಂದು ಹವಾಯಿಯ ದಂಡನಾಯಕರಿಗೆ ಎಚ್ಚರಿಕೆಯ ಸಂದೇಶವೂ ಹೋಗಿತ್ತು. ಆದರೆ ಎಲ್ಲರ ಕಣ್ಣೂ ಮಲಯ, ಸಯಾಂ, ಫಿಲಿಪ್ಪೀನ್ಸ್‌ಗಳ ಕಡೆಗಿತ್ತು. ಡಿಸೆಂಬರ್ 6ರ ರಾತ್ರಿ ಅಧ್ಯಕ್ಷರು ಶಾಂತಿಗಾಗಿ ಜಪಾನಿನ ಚಕ್ರವರ್ತಿಗೆ ಸ್ವಂತ ಸಂದೇಶವೊಂದನ್ನು ಕಳುಹಿಸಿದರು. ಅದೇ ರಾತ್ರಿ ಜಪಾನೀ ಉತ್ತರದ ಮೊದಲ ಹದಿಮೂರು ಭಾಗಗಳ ಪ್ರತಿಯನ್ನು ಓದಿ, ಇದರ ಅರ್ಥ ಯುದ್ಧವೇ ಎಂದು ಆಪ್ತಮಿತ್ರ ಹ್ಯಾರಿ ಹಾಪ್ಕಿನ್ಸರಿಗೆ ತಿಳಿಸಿದರು. ಎಲ್ಲಿ, ಯಾವಾಗ ಎಂಬುದು ಆ ಕಾಗದಗಳಲ್ಲಿ ಇರಲಿಲ್ಲ.

ಮರುದಿನ ಭಾನುವಾರ. ಹವಾಯಿಯಲ್ಲಿ ಬೆಳಗಿನ 7 ಗಂಟೆ ದಾಟಿದ್ದೇ ತಡ, ಓಪಾನಾ ಎಂಬಲ್ಲಿನ ರಾಡಾರ್ ಯಂತ್ರದ ಮುಂದಿದ್ದ ಇಬ್ಬರು ಸಿಪಾಯಿಗಳು ವಿಮಾನಗಳ ದೊಡ್ಡ ಹಿಂಡೊಂದು ಬರುತ್ತಿರುವುದನ್ನು ಕಂಡು ಮೇಲಿನವರಿಗೆ ತಿಳಿಸಿದರು. ಕ್ಯಾಲಿಫೋರ್ನಿಯದಿಂದ ಬರಬೇಕಾಗಿದ್ದ ನಮ್ಮ ವಿಮಾನಗಳೇ ಇರಬೇಕೆಂದು ಅಧಿಕಾರಿ ಅದನ್ನು ಅಲ್ಲಿಗೇ ಬಿಟ್ಟರು. 7 ಗಂಟೆ 55 ನಿಮಿಷಕ್ಕೆ ಮೊದಲ ಬಾಂಬು ಬಿತ್ತು. ಎರಡು ಅಲೆಗಳಲ್ಲಿ ಸುಮಾರು 350 ವಿಮಾನಗಳು ಎರಡು ಗಂಟೆಗಳೊಳಗೆ ಕೆಲಸ ಮುಗಿಸಿದವು. ಎಂಟು ಯುದ್ಧನೌಕೆಗಳೂ ಪೆಟ್ಟು ತಿಂದವು, ಅವುಗಳಲ್ಲಿ ನಾಲ್ಕು ಮುಳುಗಿದವು. ಮದ್ದಿನ ಕೋಣೆ ಸಿಡಿದು ಅರಿಜೋನಾ ಒಂದರಲ್ಲೇ 1,177 ಮಂದಿ ಮಡಿದರು. ಒಟ್ಟು ಮೃತರು 2,403. ನೆಲದ ಮೇಲೆ ಸಾಲಾಗಿ ನಿಲ್ಲಿಸಿದ್ದ ವಿಮಾನಗಳು, ಹೊರಗಿನ ಶತ್ರುವಿಗಲ್ಲ, ಒಳಗಿನ ವಿಧ್ವಂಸಕರಿಗೆ ಹೆದರಿ ಹಾಗೆ ಒತ್ತೊತ್ತಾಗಿ ನಿಲ್ಲಿಸಿದ್ದವು, ಇದ್ದಲ್ಲಿಯೇ ಸುಟ್ಟುಹೋದವು.

ವಾಷಿಂಗ್ಟನ್ನಿನಲ್ಲಿ ಆಗ ಮಧ್ಯಾಹ್ನ. ಶ್ವೇತಭವನದ ಎರಡನೆಯ ಅಂತಸ್ತಿನ ಅಧ್ಯಯನದ ಕೊಠಡಿಯಲ್ಲಿ ಅಧ್ಯಕ್ಷರು ಹಾಪ್ಕಿನ್ಸರೊಡನೆ ಊಟ ಮುಗಿಸಿ ಕುಳಿತಿದ್ದರು. ಭಾನುವಾರದ ಬಿಡುವಿನಲ್ಲಿ ಅಂಚೆಚೀಟಿಗಳ ಸಂಗ್ರಹವನ್ನು ನೋಡುವುದು ಅವರ ರೂಢಿ. 1 ಗಂಟೆ 45 ನಿಮಿಷದ ಸುಮಾರಿಗೆ ನೌಕಾ ಕಾರ್ಯದರ್ಶಿ ಫ್ರಾಂಕ್ ನಾಕ್ಸ್ ದೂರವಾಣಿಯಲ್ಲಿ ವಾರ್ತೆಯನ್ನು ತಿಳಿಸಿದರು. ಏನೋ ತಪ್ಪು ಸುದ್ದಿಯಿರಬೇಕು, ಜಪಾನು ಹವಾಯಿಯ ಮೇಲೆ ಬೀಳಲಾರದು ಎಂದು ಹಾಪ್ಕಿನ್ಸ್ ಅನುಮಾನಿಸಿದರು. ರೂಸ್‌ವೆಲ್ಟರು ಅನುಮಾನಿಸಲಿಲ್ಲ, ನಿರೀಕ್ಷಿಸದ ಕಡೆ ಹೊಡೆಯುವುದೇ ಜಪಾನೀಯರ ಯುದ್ಧವಿದ್ಯೆಯೆಂದು ಅವರು ತಿಳಿದಿದ್ದರು. ವಿದೇಶಾಂಗ ಕಾರ್ಯದರ್ಶಿ ಕಾರ್ಡೆಲ್ ಹಲ್ ಅವರ ಕಚೇರಿಯಲ್ಲಿ ಅದೇ ಹೊತ್ತಿಗೆ ಜಪಾನಿನ ಇಬ್ಬರು ರಾಯಭಾರಿಗಳು ಕಾದಿದ್ದರು. ಬೆರಳಚ್ಚು ತಡವಾದುದರಿಂದ, ದಾಳಿಗೆ ಮೊದಲು ಕೊಡಬೇಕಾಗಿದ್ದ ಪತ್ರವನ್ನು ದಾಳಿಯಾದ ಮೇಲೆ ಕೊಡಲು ಬಂದವರು ಅವರು. ಸುದ್ದಿಯನ್ನು ಅರಿಯದವರಂತೆ ಪತ್ರವನ್ನು ಸ್ವೀಕರಿಸಿ ಔಪಚಾರಿಕವಾಗಿ ಬೀಳ್ಕೊಡುವಂತೆ ಅಧ್ಯಕ್ಷರು ಹಲ್ ಅವರಿಗೆ ಸೂಚಿಸಿದರು. ಹಲ್ ಅವರಿಂದ ಅಷ್ಟು ಸಂಯಮ ಸಾಧ್ಯವಾಗಲಿಲ್ಲ. ಕಟುವಾಗಿ ಮಾತನಾಡಿಯೇ ಕಳುಹಿಸಿದರು.

ಗಳಿಗೆಗೊಮ್ಮೆ ದೂರವಾಣಿ ಮೊಳಗುತ್ತಿತ್ತು, ಪ್ರತಿಯೊಂದು ಕರೆಯೂ ಹಿಂದಿನದಕ್ಕಿಂತ ಕೆಟ್ಟ ಸುದ್ದಿಯನ್ನೇ ತರುತ್ತಿತ್ತು. ಸುದ್ದಿ ಕೆಟ್ಟದಾದಷ್ಟೂ ಅವರು ಹೆಚ್ಚು ಶಾಂತರಾಗುತ್ತಿದ್ದರೆಂದು ಎಲಿನೋರ್ ನೆನೆದಿದ್ದಾರೆ. ಇಂಗ್ಲೆಂಡಿನಿಂದ ಚರ್ಚಿಲ್ ಮಾತನಾಡಿದರು. ಅವರೂ ರೇಡಿಯೊದಿಂದಲೇ ವಿಷಯವನ್ನು ತಿಳಿದಿದ್ದರು. ಶ್ವೇತಭವನದ ಸುತ್ತ ಸೈನಿಕರನ್ನೂ ಟ್ಯಾಂಕುಗಳನ್ನೂ ನಿಲ್ಲಿಸಬೇಕೆಂಬ ಸಲಹೆ ಬಂದಾಗ ಅಧ್ಯಕ್ಷರು ಬೇಡವೆಂದರು. ರಾಷ್ಟ್ರಾಧ್ಯಕ್ಷನ ಮನೆಯೇ ಹೆದರಿದಂತೆ ಕಂಡರೆ ಜನಸಾಮಾನ್ಯರ ಮನೆಗಳ ಪಾಡೇನು?

ಸಂಜೆ 5 ಗಂಟೆಯ ಹೊತ್ತಿಗೆ ಅವರು ಕಾರ್ಯದರ್ಶಿನಿ ಗ್ರೇಸ್ ಟಲ್ಲಿ ಅವರನ್ನು ಕರೆಸಿದರು. ಮರುದಿನ ಕಾಂಗ್ರೆಸ್ಸಿನ ಮುಂದೆ ಮಾಡಬೇಕಾದ ಭಾಷಣವನ್ನು ಹೇಳಿ ಬರೆಯಿಸಬೇಕಾಗಿತ್ತು. ಅವರ ಭಾಷಣಗಳನ್ನು ಸಿದ್ಧಪಡಿಸುವ ಬರಹಗಾರರಿದ್ದರು. ಆದರೆ ಇದನ್ನು ಅವರು ಒಬ್ಬರೇ ರಚಿಸಿದರು. ಸಿಗರೇಟಿನ ಹೊಗೆಯನ್ನು ಒಮ್ಮೆ ದೀರ್ಘವಾಗಿ ಎಳೆದು, ಅಲ್ಪವಿರಾಮ ಎಲ್ಲಿ, ಪೂರ್ಣವಿರಾಮ ಎಲ್ಲಿ, ಹೊಸ ಪ್ಯಾರಾ ಎಲ್ಲಿಂದ ಎಂಬುದನ್ನೂ ಹೇಳುತ್ತ, ಪಾಠ ಹೇಳಿ ಬರೆಯಿಸುವ ಉಪಾಧ್ಯಾಯರಂತೆ ನಿಧಾನವಾಗಿ ಬರೆಯಿಸಿದರು. ಬೆರಳಚ್ಚಾಗಿ ಬಂದ ಕರಡನ್ನು ಪೆನ್ಸಿಲ್ ಹಿಡಿದು ತಿದ್ದಿದರು. ಆ ಹಾಳೆ ಇಂದಿಗೂ ಉಳಿದಿದೆ. ಮೊದಲ ವಾಕ್ಯದಲ್ಲಿ, ಆ ದಿನವು ಲೋಕದ ಚರಿತ್ರೆಯಲ್ಲಿ ಉಳಿಯುವುದೆಂಬ ಅರ್ಥದ ಮಾತಿತ್ತು. ಚರಿತ್ರೆಯನ್ನು ಸೂಚಿಸುವ ಎರಡು ಪದಗಳನ್ನು ಹೊಡೆದುಹಾಕಿ ಕಳಂಕವನ್ನು, ಅಪಕೀರ್ತಿಯನ್ನು ಸೂಚಿಸುವ ಒಂದೇ ಪದವನ್ನು ಅಲ್ಲಿ ಬರೆದರು. ವಾಕ್ಯಕ್ಕೆ ಜೀವ ಬಂದುದು ಆ ಒಂದು ತಿದ್ದುಪಡಿಯಿಂದ.

ಆ ತಿದ್ದುಪಡಿಯಷ್ಟು ಪ್ರಸಿದ್ಧವಲ್ಲದ ಇನ್ನೊಂದನ್ನೂ ಇಲ್ಲಿ ಹೇಳಬೇಕು. ಮೊದಲ ಕರಡಿನಲ್ಲಿ ಹವಾಯಿಯ ಪಕ್ಕದಲ್ಲಿಯೇ ಫಿಲಿಪ್ಪೀನ್ಸ್‌ನ ಹೆಸರೂ ಎದ್ದುಕಾಣುವಂತೆ ಇತ್ತು. ಅದೂ ಅಂದು ಅಮೆರಿಕದ ಆಡಳಿತಕ್ಕೆ ಒಳಪಟ್ಟ ನಾಡು, ಅಲ್ಲಿನ ಪ್ರಜೆಗಳ ಮೇಲೂ ಅದೇ ದಿನ ಬಾಂಬುಗಳು ಬಿದ್ದವು. ಅಧ್ಯಕ್ಷರು ಅದನ್ನು ಆ ಸ್ಥಾನದಿಂದ ತೆಗೆದು, ಕೆಳಗೆ ದಾಳಿಗೀಡಾದ ಸ್ಥಳಗಳ ಪಟ್ಟಿಯೊಳಗೆ ಸೇರಿಸಿದರು. ಪರ್ಲ್ ಹಾರ್ಬರ್ ಇರುವ ದ್ವೀಪದ ಹೆಸರಿನ ಹಿಂದೆ ಅದು ಅಮೆರಿಕದ್ದೆಂಬ ವಿಶೇಷಣವನ್ನು ಕೂಡಿಸಿದರು. ಯಾವ ಸಾವು ತಮ್ಮ ಕೇಳುಗರನ್ನು ನೋಯಿಸುವುದು, ಯಾವುದು ಅಷ್ಟಾಗಿ ನೋಯಿಸದು ಎಂಬ ಲೆಕ್ಕಾಚಾರ ಆ ಶಾಂತಚಿತ್ತದೊಳಗೆ ಆಗಲೇ ನಡೆದಿತ್ತು. ರಾಜಕಾರಣಿಯ ಕೌಶಲವೆಂದು ಮೆಚ್ಚಬಹುದು. ಮನಿಲಾದವರು ಮೆಚ್ಚಬೇಕೆಂದು ಹೇಳಲಾಗದು.

ರಾತ್ರಿ 8 ಗಂಟೆ 30 ನಿಮಿಷಕ್ಕೆ ಮಂತ್ರಿಮಂಡಲ ಸೇರಿತು. ಅಂತರ್ಯುದ್ಧ ಆರಂಭವಾದ 1861ರ ತರುವಾಯ ಇಷ್ಟು ಗುರುತರವಾದ ಮಂತ್ರಿಮಂಡಲದ ಸಭೆ ಸೇರಿಲ್ಲವೆಂದು ಅಧ್ಯಕ್ಷರು ನುಡಿದರು. ಎಂದಿನ ಹಾಸ್ಯವಿರಲಿಲ್ಲ. ತಾವು ಅಷ್ಟು ಪ್ರೀತಿಸಿದ ನೌಕಾಬಲ ಮೈಮರೆತಿದ್ದಾಗ ಸಿಕ್ಕಿಬಿತ್ತೆಂಬ ಮಾತನ್ನು ಬಾಯಿಂದ ಹೊರಡಿಸುವುದೇ ಅವರಿಗೆ ದೈಹಿಕ ವೇದನೆಯಂತಿತ್ತೆಂದು ಕಾರ್ಮಿಕ ಕಾರ್ಯದರ್ಶಿನಿ ಫ್ರಾನ್ಸಿಸ್ ಪರ್ಕಿನ್ಸ್ ಬರೆದಿಟ್ಟಿದ್ದಾರೆ. ಹಡಗುಗಳನ್ನು ಹಾಗೆ ಸಾಲಾಗಿ ಏಕೆ ಕಟ್ಟಿದ್ದರೆಂದು ಅವರು ನಾಕ್ಸ್ ಅವರನ್ನು ಮತ್ತೆ ಮತ್ತೆ ಕೇಳಿದರು. ಆಮೇಲೆ ಬಂದ ಕಾಂಗ್ರೆಸ್ಸಿನ ಮುಖಂಡರಲ್ಲಿ ಟೆಕ್ಸಾಸಿನ ಸೆನೆಟರ್ ಟಾಮ್ ಕಾನಲಿ ಮೇಜು ಗುದ್ದಿ ಅದೇ ಪ್ರಶ್ನೆಯನ್ನು ಕೇಳಿದರು. ಅಧ್ಯಕ್ಷರ ಬಳಿ ಉತ್ತರವಿರಲಿಲ್ಲ. ತಮಗೆ ತಿಳಿಯದೆಂದೇ ಹೇಳಿದರು.

ಭಾಷಣದ ವಿಷಯದಲ್ಲಿ ಆ ರಾತ್ರಿ ಭಿನ್ನಾಭಿಪ್ರಾಯ ಎದ್ದಿತು. ಜಪಾನಿನೊಡನೆ ನಡೆದ ವರ್ಷಗಳ ವ್ಯವಹಾರವನ್ನೆಲ್ಲ ಸವಿಸ್ತಾರವಾಗಿ ಕಾಂಗ್ರೆಸ್ಸಿನ ಮುಂದಿಡಬೇಕೆಂದು ಹಲ್ ಹಟ ಹಿಡಿದರು. ಜರ್ಮನಿಯ ಮೇಲೂ ಯುದ್ಧ ಸಾರಬೇಕೆಂದು ಯುದ್ಧ ಕಾರ್ಯದರ್ಶಿ ಸ್ಟಿಮ್ಸನ್ ಒತ್ತಾಯಿಸಿದರು. ರೂಸ್‌ವೆಲ್ಟರು ಎರಡನ್ನೂ ಒಪ್ಪಲಿಲ್ಲ. ದೀರ್ಘ ವಿವರಣೆಯನ್ನು ಕೇಳುವ ಮನಃಸ್ಥಿತಿಯಲ್ಲಿ ಜನರಿಲ್ಲ; ವಿವರಣೆ ನೀಡತೊಡಗಿದರೆ ಅದು ಸಮಜಾಯಿಷಿಯಂತೆ ಕೇಳಿಸುತ್ತದೆ. ಜರ್ಮನಿಯ ಮಾತೆತ್ತಿದರೆ ಒಮ್ಮತ ಒಡೆಯುತ್ತದೆ. ಹಿಟ್ಲರನೇ ಮೊದಲು ಸಾರಲೆಂದು ಕಾಯುವುದರಲ್ಲಿ ವಿವೇಕವಿತ್ತು. ಡಿಸೆಂಬರ್ 11ರಂದು ಅವನು ಸಾರಿಯೂ ಸಾರಿದ.

ಅರ್ಧರಾತ್ರಿ ಕಳೆದ ಮೇಲೆ, ಊಟಕ್ಕೆಂದು ಮುಂಚೆಯೇ ಆಹ್ವಾನಿತರಾಗಿದ್ದ ರೇಡಿಯೊ ಪತ್ರಕರ್ತ ಎಡ್ವರ್ಡ್ ಮರೋ ಅವರನ್ನು ಒಳಗೆ ಕರೆದು, ನಷ್ಟದ ವಿವರವನ್ನೆಲ್ಲ ಬಿಚ್ಚಿ ಹೇಳಿದರು. ನಮ್ಮ ವಿಮಾನಗಳು ನೆಲದ ಮೇಲಿದ್ದಾಗಲೇ ನಾಶವಾದವೆಂದು ಹೇಳುವಾಗ ಮೇಜನ್ನು ಮುಷ್ಟಿಯಿಂದ ಕುಟ್ಟಿದರಂತೆ. ದಿನವಿಡೀ ಅದುಮಿಟ್ಟ ಸಂಕಟ ಹೊರಬಿದ್ದುದು ಆ ಒಂದು ಗಳಿಗೆಯಲ್ಲಿ, ಅದೂ ಪತ್ರಕರ್ತನ ಮುಂದೆ. ಮರೋ ಅದನ್ನು ಪ್ರಸಾರ ಮಾಡಲಿಲ್ಲ.

ಡಿಸೆಂಬರ್ 8ರ ಮಧ್ಯಾಹ್ನ 12 ಗಂಟೆ 30 ನಿಮಿಷಕ್ಕೆ ಅಧ್ಯಕ್ಷರು ಉಭಯ ಸದನಗಳ ಜಂಟಿ ಅಧಿವೇಶನಕ್ಕೆ ಬಂದರು. ಗಾಲಿಕುರ್ಚಿಯನ್ನು ಹೊರಗೆ ಬಿಟ್ಟು, ನೌಕಾಪದಾತಿ ದಳದ ಸಮವಸ್ತ್ರ ತೊಟ್ಟಿದ್ದ ಹಿರಿಯ ಮಗ ಜೇಮ್ಸರ ತೋಳನ್ನು ಹಿಡಿದು, ಉಕ್ಕಿನ ಪಟ್ಟಿಗಳ ಮೇಲೆ ಒಂದೊಂದೇ ಹೆಜ್ಜೆಯಿಟ್ಟು ವೇದಿಕೆಯನ್ನು ತಲುಪಿದರು. ತೋಳಿನ ಮೇಲೆ ಕಪ್ಪು ಪಟ್ಟಿಯಿತ್ತು. ಅದು ನೌಕಾಬಲದ ಶೋಕಕ್ಕಲ್ಲ. ಸರಿಯಾಗಿ ಮೂರು ತಿಂಗಳ ಹಿಂದೆ, ಸೆಪ್ಟೆಂಬರ್ 7ರಂದು, ಅವರ ತಾಯಿ ತೀರಿಕೊಂಡಿದ್ದರು. ಮೊದಲ ಮಹಾಯುದ್ಧಕ್ಕೆ ಸಮ್ಮತಿ ಕೇಳಿದ್ದ ವಿಲ್ಸನ್ನರ ವಿಧವೆಯನ್ನು ಎಲಿನೋರ್ ಕರೆತಂದು ಜೊತೆಯಲ್ಲಿ ಕೂರಿಸಿಕೊಂಡಿದ್ದರು. ಭಾಷಣ ಏಳು ನಿಮಿಷವನ್ನೂ ಮೀರಲಿಲ್ಲ. ನಡೆದುದೇನು, ಶತ್ರು ಮಾತುಕತೆಯ ಸೋಗಿನಲ್ಲಿ ಹೇಗೆ ವಂಚಿಸಿದ, ಎಲ್ಲೆಲ್ಲಿ ದಾಳಿ ನಡೆದಿದೆ, ಕಾಂಗ್ರೆಸ್ಸು ಏನು ಮಾಡಬೇಕು, ಅಷ್ಟೇ. ನಷ್ಟ ತೀವ್ರವಾದುದೆಂದು ಮರೆಮಾಚದೆ ಒಪ್ಪಿಕೊಂಡರು. ಅಂಕಿಗಳನ್ನು ಮಾತ್ರ ಶತ್ರುವಿನ ಕಿವಿಗೆ ಬೀಳಬಾರದೆಂದು ಹೇಳಲಿಲ್ಲ. ಆರ್ಭಟವಿರಲಿಲ್ಲ, ಅಲಂಕಾರವಿರಲಿಲ್ಲ. ಗಂಟೆಗಟ್ಟಲೆ ಭಾಷಣಗಳನ್ನು ಕೇಳಿ ಅಭ್ಯಾಸವಾಗಿರುವ ನಮ್ಮಂಥವರಿಗೆ ಈ ಸಂಕ್ಷಿಪ್ತತೆ ವಿಸ್ಮಯವನ್ನು ತಾರದಿರದು.

ಒಂದು ಗಂಟೆಯೊಳಗೆ ಸೆನೆಟ್ 82-0 ಮತಗಳಿಂದಲೂ ಪ್ರತಿನಿಧಿ ಸಭೆ 388-1 ಮತಗಳಿಂದಲೂ ಯುದ್ಧಘೋಷಣೆಯನ್ನು ಅಂಗೀಕರಿಸಿದವು. ಆ ಒಂದು ವಿರುದ್ಧ ಮತ ಮಾಂಟಾನಾದ ಜೆನೆಟ್ ರ‍್ಯಾಂಕಿನ್ ಅವರದು. 1917ರಲ್ಲಿಯೂ ಯುದ್ಧಕ್ಕೆ ವಿರುದ್ಧವಾಗಿ ಮತವಿತ್ತಿದ್ದ ಆ ಮಹಿಳೆ ಅಂದು ರೇಗಿದ ಗುಂಪಿನಿಂದ ತಪ್ಪಿಸಿಕೊಳ್ಳಲು ದೂರವಾಣಿಯ ಗೂಡಿನೊಳಗೆ ಸೇರಿಕೊಳ್ಳಬೇಕಾಯಿತು. ಗಾಂಧೀಜಿಯವರ ಮಾರ್ಗದಲ್ಲಿ ಶ್ರದ್ಧೆಯಿದ್ದ ಆಕೆ ಮುಂದೆ ಹಲವು ಬಾರಿ ಭಾರತಕ್ಕೂ ಬಂದುಹೋದರು. ಸಂಜೆ 4 ಗಂಟೆ 10 ನಿಮಿಷಕ್ಕೆ ರೂಸ್‌ವೆಲ್ಟರು ಘೋಷಣೆಗೆ ಸಹಿ ಹಾಕಿದರು. ಮೊನ್ನೆಯವರೆಗೆ ಯುದ್ಧ ಬೇಕೇ ಬೇಡವೇ ಎಂದು ಕಚ್ಚಾಡುತ್ತಿದ್ದ ನಾಡು ಒಂದಾಗಿ ನಿಂತಿತ್ತು.

ಹಾಗಾದರೆ ಹೊಣೆ ಯಾರದು? ಹತ್ತು ದಿನಗಳೊಳಗೆ ಕಿಮ್ಮೆಲ್ ಮತ್ತು ಭೂಸೇನೆಯ ಷಾರ್ಟ್ ಇಬ್ಬರನ್ನೂ ಅಧಿಕಾರದಿಂದ ಇಳಿಸಲಾಯಿತು. ನ್ಯಾಯಮೂರ್ತಿ ಓವನ್ ರಾಬರ್ಟ್ಸರ ಆಯೋಗ 1942ರ ಜನವರಿಯಲ್ಲಿ ಅವರಿಬ್ಬರನ್ನೂ ಕರ್ತವ್ಯಲೋಪದ ತಪ್ಪಿತಸ್ಥರೆಂದಿತು. ವಾಷಿಂಗ್ಟನ್ನಿನ ಮೇಲಧಿಕಾರಿಗಳ ಮೇಲೆ ಅಷ್ಟು ಕಠಿಣವಾದ ಮಾತೇನೂ ಬರಲಿಲ್ಲ. ಇದು ನ್ಯಾಯವೇ ಎಂಬ ಚರ್ಚೆ ಆರದೆ ಉಳಿದು, ಅವರಿಬ್ಬರ ಕಳಂಕವನ್ನು ತೊಡೆಯಬೇಕೆಂದು 1999ರಲ್ಲಿ ಅಮೆರಿಕದ ಸೆನೆಟ್ಟೇ ನಿರ್ಣಯ ಮಾಡಿತು. ಯುದ್ಧಕ್ಕಿಳಿಯಲು ನೆಪ ಬೇಕಾಗಿ ರೂಸ್‌ವೆಲ್ಟರು ದಾಳಿಯನ್ನು ಮೊದಲೇ ಅರಿತೂ ಸುಮ್ಮನಿದ್ದರೆಂಬ ಆರೋಪವನ್ನು ಹೊರಿಸುವವರೂ ಇದ್ದಾರೆ. ಎಂಟು ದಶಕಗಳ ಶೋಧನೆಯಿಂದಲೂ ಅದಕ್ಕೆ ಆಧಾರ ದೊರೆತಿಲ್ಲ. ಸುಳಿವುಗಳು ಇದ್ದವು, ಆದರೆ ನೂರಾರು ಬೇರೆ ಸುಳಿವುಗಳ ಗದ್ದಲದಲ್ಲಿ ಅವು ಹೂತುಹೋಗಿದ್ದವೆಂಬುದೇ ಬಹುಪಾಲು ಚರಿತ್ರಕಾರರ ನಿರ್ಣಯ.

ಮುಂದಿನ ತಿಂಗಳುಗಳು ಸೋಲಿನ ಮೇಲೆ ಸೋಲನ್ನು ತಂದವು. 1942ರ ಫೆಬ್ರವರಿ 23ರ ರೇಡಿಯೊ ಭಾಷಣಕ್ಕೆ ಮುನ್ನ ಅಧ್ಯಕ್ಷರು ಜನರಿಗೊಂದು ವಿನಂತಿ ಮಾಡಿದರು: ಭಾಷಣ ಕೇಳುವಾಗ ಲೋಕದ ಭೂಪಟವನ್ನು ಎದುರಿಗೆ ಬಿಡಿಸಿಟ್ಟುಕೊಂಡಿರಬೇಕು. ಅಂಗಡಿಗಳಲ್ಲಿ ಭೂಪಟಗಳು ಮುಗಿದುಹೋದವು. ಭೂಗೋಳದ ಮೇಷ್ಟರು ಕೋಲು ಹಿಡಿದು ತೋರಿಸುವಂತೆ ಸಾಗರಗಳನ್ನೂ ಸಮುದ್ರಮಾರ್ಗಗಳನ್ನೂ ಒಂದೊಂದಾಗಿ ಹೆಸರಿಸುತ್ತ, ಈ ಯುದ್ಧ ಏಕೆ ದೀರ್ಘವಾದುದೆಂದು ವಿವರಿಸಿದರು. ಪರ್ಲ್ ಹಾರ್ಬರಿನಲ್ಲಿ ಮಡಿದವರ ಸಂಖ್ಯೆಯನ್ನು ಅಂದು ತಾವೇ ಹೇಳಿದರು. ಭಾಷಣ ನಡೆಯುತ್ತಿದ್ದಂತೆಯೇ ಜಪಾನೀ ಜಲಾಂತರ್ಗಾಮಿಯೊಂದು ಕ್ಯಾಲಿಫೋರ್ನಿಯದ ದಡದ ತೈಲಘಟಕದ ಮೇಲೆ ಗುಂಡು ಹಾರಿಸಿತು. ಸ್ವಯಂನಿರ್ಣಯದ ಹಕ್ಕನ್ನು ಸಾರಿದ ಅಟ್ಲಾಂಟಿಕ್ ಸನ್ನದು ಅಟ್ಲಾಂಟಿಕ್ ತೀರಕ್ಕಷ್ಟೇ ಅಲ್ಲ, ಇಡೀ ಲೋಕಕ್ಕೆ ಅನ್ವಯಿಸುತ್ತದೆಂದು ಅವರು ಹೇಳಿದ್ದೂ ಅದೇ ಭಾಷಣದಲ್ಲಿ. ಭಾರತಕ್ಕೆ ಅದು ಅನ್ವಯಿಸದೆಂದು ಚರ್ಚಿಲ್ ಹಿಂದಿನ ಸೆಪ್ಟೆಂಬರಿನಲ್ಲಿ ಹೇಳಿದ್ದರಾದ್ದರಿಂದ ಈ ಮಾತು ನಮ್ಮವರಲ್ಲಿ ಆಸೆಯನ್ನು ಹುಟ್ಟಿಸಿತು. ತಮ್ಮ ಪ್ರತಿನಿಧಿಯಾಗಿ ಲೂಯಿ ಜಾನ್ಸನ್ನರನ್ನು ದೆಹಲಿಗೆ ಕಳುಹಿಸಿದ್ದೂ ನಿಜ, ಚರ್ಚಿಲ್ ಸಿಡಿಮಿಡಿಗೊಂಡಾಗ ರೂಸ್‌ವೆಲ್ಟರು ಹಿಂಜರಿದದ್ದೂ ನಿಜ. ಆ ವರ್ಷದ ಜುಲೈ 1ರಂದು ಗಾಂಧೀಜಿ ಅವರಿಗೆ ಪತ್ರ ಬರೆದರು. ಆಗಸ್ಟಿನಲ್ಲಿ ಗಾಂಧೀಜಿ ಬಂಧಿತರಾದರು.

ಕಾರ್ಖಾನೆಗಳಿಗೆ ಅಧ್ಯಕ್ಷರು ಗೊತ್ತುಪಡಿಸಿದ ಗುರಿ ಕೇಳಿದವರನ್ನು ಬೆಚ್ಚಿಬೀಳಿಸುವಂಥದು: 1942ರಲ್ಲಿ 60,000 ವಿಮಾನಗಳು, 1943ರಲ್ಲಿ 1,25,000. ಗುರಿ ಪೂರ್ತಿ ಮುಟ್ಟದಿದ್ದರೂ ಆ ಉತ್ಪಾದನೆಯ ಪ್ರವಾಹವನ್ನು ಶತ್ರುಗಳು ಸರಿಗಟ್ಟಲಾರದೆ ಹೋದರು. ಆ ಪ್ರವಾಹದ ಒಂದು ಕವಲು ನಮ್ಮ ಬೆಂಗಳೂರಿಗೂ ಬಂತು. ವಾಲಚಂದ್ ಹಿರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರಲ್ಲಿ ಸ್ಥಾಪಿಸಿದ್ದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ಸೇನಾ ವಿಮಾನದಳ ವಹಿಸಿಕೊಂಡು, ಏಷ್ಯದ ರಣರಂಗಗಳಿಂದ ಬಂದ ವಿಮಾನಗಳ ದುರಸ್ತಿಯನ್ನು ಅಲ್ಲಿ ನಡೆಸಿತು. ಮುಂದೆ ಸ್ವತಂತ್ರ ಭಾರತದ ವಿಮಾನೋದ್ಯಮಕ್ಕೆ ಒದಗಿದ ಕುಶಲಕರ್ಮಿಗಳಲ್ಲಿ ಹಲವರು ಪಳಗಿದ್ದು ಆ ಕೆಲಸದಲ್ಲಿ.

ಈಗ ಆ ಘೋರ ಅನ್ಯಾಯದ ವಿಷಯ. 1942ರ ಫೆಬ್ರವರಿ 19ರಂದು ರೂಸ್‌ವೆಲ್ಟರು 9066ನೆಯ ಸಂಖ್ಯೆಯ ಆಜ್ಞೆಗೆ ಸಹಿ ಹಾಕಿದರು. ಅದರಲ್ಲಿ ಯಾವ ಜನಾಂಗದ ಹೆಸರೂ ಇರಲಿಲ್ಲ. ಆದರೆ ಅದರ ಬಲದಿಂದ ಪಶ್ಚಿಮ ಕರಾವಳಿಯ ಸುಮಾರು 1,20,000 ಮಂದಿ ಜಪಾನೀ ಮೂಲದವರನ್ನು ಮನೆ, ಹೊಲ, ಅಂಗಡಿಗಳಿಂದ ಎಬ್ಬಿಸಿ, ಮರುಭೂಮಿಯಲ್ಲಿಯೂ ಜೌಗು ನೆಲದಲ್ಲಿಯೂ ಕಟ್ಟಿದ ಹತ್ತು ಶಿಬಿರಗಳಲ್ಲಿ ಮುಳ್ಳುತಂತಿಯೊಳಗೆ ಇರಿಸಲಾಯಿತು. ಅವರಲ್ಲಿ ಮೂರನೆಯ ಎರಡು ಭಾಗ ಅಮೆರಿಕದಲ್ಲಿಯೇ ಹುಟ್ಟಿದ ಪೌರರು. ಕೈಯಲ್ಲಿ ಹೊತ್ತಷ್ಟು ಸಾಮಾನನ್ನು ಮಾತ್ರ ಒಯ್ಯಬಹುದಾಗಿತ್ತು. ಶಿಬಿರಗಳು ಸಿದ್ಧವಾಗುವವರೆಗೆ ಕೆಲವು ಸಂಸಾರಗಳನ್ನು ಸಾಂತಾ ಅನಿಟಾ ಕುದುರೆ ಪಂದ್ಯದ ಮೈದಾನದ ಲಾಯಗಳಲ್ಲಿ ತುಂಬಿದರು. ವಿಚಾರಣೆಯಿಲ್ಲ, ಆರೋಪವೂ ಇಲ್ಲ.

ಅಧ್ಯಕ್ಷರಿಗೆ ಎಚ್ಚರಿಕೆ ಹೇಳುವವರು ಇರಲಿಲ್ಲವೆನ್ನಲಾಗದು. ಅಟಾರ್ನಿ ಜನರಲ್ ಫ್ರಾನ್ಸಿಸ್ ಬಿಡ್ಲ್ ಇದು ಅನಗತ್ಯವೆಂದರು, ಗೂಢಚರ್ಯೆಯ ಇಲಾಖೆಯ ಮುಖ್ಯಸ್ಥ ಹೂವರ್ ಅವರ ಅಭಿಪ್ರಾಯವೂ ಅದೇ ಆಗಿತ್ತು, ಎಲಿನೋರ್ ಒಪ್ಪಲಿಲ್ಲ. ಎಲ್ಲಕ್ಕಿಂತ ದೊಡ್ಡ ಸಾಕ್ಷ್ಯ ಹವಾಯಿಯೇ ಆಗಿತ್ತು. ಬಾಂಬು ಬಿದ್ದ ಆ ದ್ವೀಪಗಳಲ್ಲಿ ಜನಸಂಖ್ಯೆಯ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಮಂದಿ ಜಪಾನೀ ಮೂಲದವರು. ಅವರನ್ನು ಒಟ್ಟಾಗಿ ಬಂಧಿಸಲಿಲ್ಲ. ಬಂಧಿಸಿದ್ದರೆ ಅಲ್ಲಿನ ದುಡಿಮೆಯೇ ನಿಂತುಹೋಗುತ್ತಿತ್ತು. ದ್ರೋಹವೇನೂ ನಡೆಯಲಿಲ್ಲ. ಬದಲಾಗಿ ಹವಾಯಿಯ ತರುಣರೂ ಶಿಬಿರಗಳಿಂದ ಹೊರಟ ತರುಣರೂ ಸೇರಿದ 442ನೆಯ ದಳ ಇಟಲಿ, ಫ್ರಾನ್ಸುಗಳಲ್ಲಿ ಅಪ್ರತಿಮ ಶೌರ್ಯದಿಂದ ಹೋರಾಡಿತು. ತಂದೆತಾಯಿಗಳು ಮುಳ್ಳುತಂತಿಯ ಹಿಂದೆ, ಮಕ್ಕಳು ರಣರಂಗದಲ್ಲಿ!

ಭೀತಿಯಿಂದ ಉದ್ವಿಗ್ನರಾಗಿ ಅವರು ಈ ಸಹಿ ಹಾಕಿದರೆಂದು ಸಮರ್ಥಿಸುವವರುಂಟು. ಸಂಗತಿಗಳು ಹಾಗೆ ಹೇಳುವುದಿಲ್ಲ. ದಾಳಿಯಾಗಿ ಹತ್ತು ವಾರಗಳು ಕಳೆದಿದ್ದವು. ಆ ಭಾನುವಾರ ಸ್ಥಿರವಾಗಿದ್ದ ಕೈಯೇ ಈ ಆಜ್ಞೆಗೂ ಸ್ಥಿರವಾಗಿ ಸಹಿ ಹಾಕಿತು. ಕರಾವಳಿಯ ರಾಜಕಾರಣಿಗಳೂ ಪತ್ರಿಕೆಗಳೂ ಸೈನ್ಯಾಧಿಕಾರಿಗಳೂ ಕೇಳುತ್ತಿದ್ದರು, ಅವರು ಕೊಟ್ಟರು. ಕೊಡುವಾಗ ಹೆಚ್ಚು ಯೋಚಿಸಿದಂತೆ ಕಾಣುವುದಿಲ್ಲ. ಶಿಬಿರಗಳನ್ನು ತೆರೆಯಬಹುದೆಂದು 1944ರಲ್ಲಿ ಅವರ ಮಂತ್ರಿಗಳೇ ಹೇಳಿದಾಗಲೂ ನವೆಂಬರಿನ ಚುನಾವಣೆ ಮುಗಿಯುವವರೆಗೆ ಅದನ್ನು ಮುಂದೂಡಿದರು. ಆ ಆಜ್ಞೆಯನ್ನು ಅಧ್ಯಕ್ಷ ಫೋರ್ಡ್ 1976ರಲ್ಲಿ ವಿಧ್ಯುಕ್ತವಾಗಿ ರದ್ದುಪಡಿಸಿದರು. 1988ರ ಕಾನೂನು ರಾಷ್ಟ್ರದ ಪರವಾಗಿ ಕ್ಷಮೆ ಕೇಳಿ, ಬದುಕುಳಿದ ಪ್ರತಿಯೊಬ್ಬರಿಗೂ 20,000 ಡಾಲರುಗಳನ್ನು ಕೊಡಿಸಿತು. ಕಳೆದುಕೊಂಡ ತೋಟ, ಮನೆಗಳ ಬೆಲೆಗೆ ಅದು ಸಾಟಿಯಲ್ಲ.

1942ರ ಜೂನಿನ ಮಿಡ್‌ವೇ ಕದನದಲ್ಲಿ, ಪರ್ಲ್ ಹಾರ್ಬರಿನ ಮೇಲೆ ಎರಗಿದ್ದ ಆರು ವಿಮಾನವಾಹಕ ನೌಕೆಗಳಲ್ಲಿ ನಾಲ್ಕು ಸಮುದ್ರದ ತಳ ಸೇರಿದವು. ದಾಳಿಯ ದಿನ ಅಮೆರಿಕದ ವಿಮಾನವಾಹಕಗಳು ಬಂದರಿನಲ್ಲಿ ಇಲ್ಲದಿದ್ದುದೂ, ಅಲ್ಲಿನ ತೈಲದ ತೊಟ್ಟಿಗಳನ್ನೂ ದುರಸ್ತಿಯ ಕಟ್ಟೆಗಳನ್ನೂ ಜಪಾನೀಯರು ಮುಟ್ಟದೆ ಬಿಟ್ಟುದೂ ಆಗ ಫಲ ಕೊಟ್ಟವು. ಮುಂದಿನ ಮೂರು ವರ್ಷಗಳ ಕಥೆ ದೀರ್ಘವಾದುದು, ಇಲ್ಲಿ ಬೇಡ.

1945ರ ಮಾರ್ಚ್ 1ರಂದು ಯಾಲ್ಟಾ ಸಮ್ಮೇಳನದಿಂದ ಮರಳಿ ಕಾಂಗ್ರೆಸ್ಸಿನ ಮುಂದೆ ಬಂದಾಗ ರೂಸ್‌ವೆಲ್ಟರು ನಿಲ್ಲಲಿಲ್ಲ. ಕುಳಿತೇ ಮಾತನಾಡಿದರು. ಕಾಲುಗಳಿಗೆ ಹತ್ತು ಪೌಂಡು ಉಕ್ಕನ್ನು ಕಟ್ಟಿಕೊಂಡು ನಿಲ್ಲುವ ಶ್ರಮ ತಪ್ಪಿದರೆ ಅನುಕೂಲವೆಂದು ಸಭಿಕರ ಕ್ಷಮೆ ಕೋರಿದರು. ತಮ್ಮ ಅಂಗವೈಕಲ್ಯದ ಮಾತನ್ನು ಆ ಸಭೆಯಲ್ಲಿ ಅವರು ಎತ್ತಿದ್ದು ಅದೇ ಮೊದಲು. ಏಪ್ರಿಲ್ 12ರಂದು ವಾರ್ಮ್ ಸ್ಪ್ರಿಂಗ್ಸಿನ ತಮ್ಮ ಪುಟ್ಟ ಮನೆಯಲ್ಲಿ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ವಯಸ್ಸು 63. ಹೈಡ್ ಪಾರ್ಕಿನ ಗುಲಾಬಿ ತೋಟದಲ್ಲಿ ಅವರ ಸಮಾಧಿಯಿದೆ.

ಆ ವರ್ಷದ ಸೆಪ್ಟೆಂಬರ್ 2ರಂದು ಟೋಕಿಯೊ ಕೊಲ್ಲಿಯಲ್ಲಿ ಮಿಸ್ಸೂರಿ ಎಂಬ ನೌಕೆಯ ಮೇಲೆ ಜಪಾನು ಶರಣಾಗತಿಯ ಪತ್ರಕ್ಕೆ ಸಹಿ ಹಾಕಿತು. ಅಂದು ಆ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ನೌಕೆಗಳಲ್ಲಿ ವೆಸ್ಟ್ ವರ್ಜೀನಿಯ ಎಂಬುದೊಂದಿತ್ತು. ಪರ್ಲ್ ಹಾರ್ಬರಿನ ಕೆಸರಿನಲ್ಲಿ ಹೂತುಹೋಗಿದ್ದ ಅದನ್ನು 1942ರಲ್ಲಿ ಮೇಲೆತ್ತಿ, ದುರಸ್ತಿ ಮಾಡಿ, ಮರಳಿ ಯುದ್ಧಕ್ಕೆ ಕಳುಹಿಸಿದ್ದರು. ಅರಿಜೋನಾ ಮಾತ್ರ ತನ್ನ ನಾವಿಕರೊಡನೆ ಇಂದಿಗೂ ಮುಳುಗಿದಲ್ಲಿಯೇ ಇದೆ.